ಕರು ಕಾಣದ ನಗು

ಕಿರ್ರ್... ಕಿರ್ರ್... ಗಡಿಯಾರಕ್ಕೆ ಕೀಲಿ ಕೊಟ್ಟಂಥ ಸದ್ದು. ನಲವತ್ತರ ದಶಕದಲ್ಲಿ ನಮ್ಮೂರು ಇಜೇರಿಗೆ ಬಂದ ಸಿನಿಮಾ ಕ್ಯಾಮೆರಾದ್ದು. ಈಗಲೂ ಅಂಥ ಸದ್ದು ಕಿವಿಗೆ ಬಿದ್ದರೆ ಕೈ ತಾನಾಗಿ ಸೆರಗು ಸರಿಪಡಿಸುತ್ತದೆ. ಹ್ಯಾಬಿಟ್, ನೋಡಿ.

ಹೈದರಾಬಾದಿನ ಸಾಹೇಬರೊಬ್ಬರು ಹಳ್ಳಿಗಳ ಡಾಕ್ಯುಮೆಂಟರಿ ತೆಗೆಯಲು ಬಂದಿದ್ದರು. ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನಾನೇ ಇಂಟರ್‌ಪ್ರಿಟರ್. ಅವರ ಇಂಗ್ಲಿಷ್ ಪ್ರಶ್ನೆಯನ್ನು ಕನ್ನಡಕ್ಕೆ ಇಳಿಸುವಾಗ ನನ್ನ ಕತ್ತು ಮಹಾರಾಣಿಯ ಸೆಕ್ರೆಟರಿಯಂತೆ ನೆಟ್ಟಗಾಗುತ್ತಿತ್ತು. ಕ್ಯಾಮೆರಾ ಮುಖ ಹಿಡಿಯುತ್ತಿತ್ತು, ಮಾತು ಹಿಡಿಯುತ್ತಿರಲಿಲ್ಲ. ‘ನಿನಗ ಎಲ್ಲಾಕ್ಕಿಂತ ಖುಷಿ ಯಾವುದು?’ ಎಂದು ಚಿಕ್ಕಪ್ಪನ ಮಗಳು ನೀಲವ್ವನನ್ನು ಕೇಳಿದೆ. ಅವಳು ಅಂಗಳದ ಕರುವಿನತ್ತ ನೋಡಿ, ‘ಇಕಿನ ನೋಡು ಯಕ್ಕಾ’ ಎಂದು ಮುಖ ತುಂಬ ನಕ್ಕಳು. ಆಮೇಲೆ ಸಾಹೇಬರು ಭೀಮಾ ನದಿ ದಾಟಿ ಅಫಜಲಪುರಕ್ಕೆ ಹೋಗಿ, ಒಬ್ಬ ಮಾಸ್ತರರನ್ನೂ ಅದನ್ನೇ ಕೇಳಿದರಂತೆ. ಅವರೂ ನಕ್ಕರಂತೆ.

ಸಿನಿಮಾ ತೋರಿಸಿದ್ದು ಜೇವರ್ಗಿಯಲ್ಲಿ, ಬಿಳಿ ಧೋತರ ಕಟ್ಟಿ. ನೀಲವ್ವನ ಮದುವೆ ನಿಶ್ಚಯವಾಗಿದ್ದೂ ಅದೇ ಊರಿಗೆ. ಬೀಗರೆಲ್ಲ ಮುಂದೆಯೇ ಕೂತಿದ್ದರು. ಪರದೆಯ ಮೇಲೆ ನೀಲವ್ವ ಕಣ್ಣು ಹೊರಳಿಸಿ ನಕ್ಕಳು. ಮರುಕ್ಷಣ ಮಾಸ್ತರರು ನಕ್ಕರು. ಮತ್ತೆ ನೀಲವ್ವ! ಮೈ ಗಾಡ್, ಇಬ್ಬರೂ ಎದುರುಬದುರು ಕೂತು ನಕ್ಕಂತಿತ್ತು!

ಪಕ್ಕದಲ್ಲಿದ್ದ ನೀಲವ್ವ ನನ್ನ ಕೈ ಹಿಂಡಿದಳು. ‘ಯಕ್ಕಾ, ಆ ಗಂಡಸು ಯಾರ?’

ಮದುವೆ ಹುಡುಗನ ತಾಯಿ ಎದ್ದೇಬಿಟ್ಟರು. ‘ನೋಡ್ರಿ ಯವ್ವಾ, ಆ ಗಂಡಸನ್ನ ನೋಡಿ ಹೆಂಗ ನಗಾಕತ್ತಾಳ!’

‘ಅಲ್ರಿ ಅತ್ತಿ, ಅಕಿ ನಕ್ಕಿದ್ದು ಕರು ನೋಡಿ,’ ಎಂದೆ ನಾನು.

‘ಮತ್ತ ಕರು ಎಲ್ಲೈತಿ ತೋರ್ಸು? ನಮ್ಮ ಕಣ್ಣು ಸುಳ್ಳು, ನಿನ್ನ ಕಾನ್ವೆಂಟ್ ಖರೇ ಏನಬೇ?’

ಕರು ಎಲ್ಲಿಯೂ ಇರಲಿಲ್ಲ. ಸಾಹೇಬರನ್ನು ಕೇಳಿದರೆ, ಅದು ಬರೀ ಎಡಿಟಿಂಗ್, ರೀಲು ಕತ್ತರಿಸಿ ಅಂಟಿಸಿದ್ದು, ಎರಡು ನಗು ಚೆಂದ ಕೂಡಿದವು ಎಂದರು. ಇಜೇರಿಗೂ ಅಫಜಲಪುರಕ್ಕೂ ನಡುವೆ ಒಂದು ಹೊಳೆಯೇ ಇದೆ ಎಂದು ಕಾನ್ವೆಂಟಿನ ಸಿಸ್ಟರ್ ನನಗೆ ಜಿಯಾಗ್ರಫಿ ಕಲಿಸಿದ್ದರು. ಆ ಹೊಳೆಯನ್ನು ಕತ್ತರಿಯೊಂದು ಕುಡಿದುಬಿಟ್ಟಿತ್ತು! ಸಂಬಂಧ ಮುರಿಯಿತು. ಹುಡುಗಿಯನ್ನು ಅವಸರದಲ್ಲಿ ದೂರದ ಸೊಲ್ಲಾಪುರದ ಕಡೆ ಕೊಟ್ಟರು. ಇಂದಿಗೂ ಟೀವಿ ಇಂಟರ್‌ವ್ಯೂಗಳಲ್ಲಿ ಒಂದು ಮುಖದ ಬೆನ್ನಿಗೇ ಇನ್ನೊಂದು ಬಂದರೆ, ನಾನು ನಡುವೆ ಹೊಳೆ ಹುಡುಕುತ್ತೇನೆ.

ನೀಲವ್ವನನ್ನು ಕೊನೆಯ ಸಲ ನೋಡಿದ್ದು ಗಂಡನ ಮನೆಗೆ ಹೊರಟ ಗಾಡಿಯಲ್ಲಿ. ಗಾಡಿ ಹೊರಳುವಾಗ ನನ್ನ ಹೆಗಲಾಚೆ ಏನನ್ನೋ ಕಂಡು ಅದೇ ನಗು ನಕ್ಕಳು. ನಾನು ತಿರುಗಿ ನೋಡಲಿಲ್ಲ. ಅವಳ ಮುಖ ಕಾಣುವಷ್ಟು ಹೊತ್ತೂ ಅವಳನ್ನೇ ನೋಡಿದೆ. ಹಿಂದೆ ಕರು ನಿಂತಿತ್ತು ಎಂದು ನಾನೇ ಜೋಡಿಸಿಕೊಂಡಿದ್ದೇನೆ.