ಎಡಗಾಲಿಟ್ಟು ಒಳಗೆ

ಬಲಗಾಲಿನ ಬೆರಳುಗಳ ಉರಿ ನಿಂತಾಗ ನನಗೆ ಸಂತೋಷವಾಯಿತು.

ಸಂತೋಷಪಟ್ಟದ್ದೇ ತಪ್ಪು ಎಂದು ಆಗ ಗೊತ್ತಿರಲಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದ ಬಡಗಿಗೆ ಹಿಮದ ವಿಷಯ ಏನು ಗೊತ್ತು? ನಮ್ಮಲ್ಲಿ ಚಳಿ ಎಂದರೆ ಧನುರ್ಮಾಸದ ಬೆಳಗ್ಗೆ ಕಿವಿಗೆ ಟವೆಲ್ ಸುತ್ತಿಕೊಳ್ಳುವುದು, ಅಷ್ಟೇ. ನಾನು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಒಂದು ಸ್ಕೀ ತರಬೇತಿ ಕ್ಯಾಂಪಿನಲ್ಲಿ ಕೆಲಸಕ್ಕಿದ್ದೆ. ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಉದ್ದನೆಯ ಹಲಗೆ. ಅವು ಮುರಿದರೆ ಸರಿಮಾಡುವುದು ನನ್ನ ಕೆಲಸ. ಕ್ಯಾಂಪಿನ ಕ್ಯಾಪ್ಟನ್ ಸಾಹೇಬರು ಬಿಡುವಾದಾಗ ನನಗೂ ಜಾರುವುದನ್ನು ಕಲಿಸಿದ್ದರು. ಹೇಳಿಕೊಳ್ಳಬಾರದು, ಚೆನ್ನಾಗಿಯೇ ಜಾರುತ್ತಿದ್ದೆ.

ಆ ದಿನ ಮೇಲಿನ ಇಳಿಜಾರಿನಲ್ಲಿ ಬಿದ್ದಿದ್ದ ಮುರಿದ ಹಲಗೆಗಳನ್ನು ತರಲು ಹೋಗಿದ್ದೆ. ಗಾಳಿ ಎದ್ದಿತು. ದಾರಿ ಮುಚ್ಚಿತು. ಬೂಟಿನೊಳಗೆ ಹಿಮ ಸೇರಿ ಕಾಲುಚೀಲ ನೆನೆಯಿತು. ಬೆರಳುಗಳು ಮೊದಲು ಚುರುಗುಟ್ಟಿದವು, ಆಮೇಲೆ ಉರಿದವು, ಆಮೇಲೆ ಸುಮ್ಮನಾದವು. ಸದ್ಯ, ಇನ್ನು ನೆಮ್ಮದಿಯಾಗಿ ನಡೆಯಬಹುದು ಎಂದುಕೊಂಡೆ.

ಶೆಡ್ಡಿಗೆ ಬಂದು ಬೂಟು ಬಿಚ್ಚಿದರೆ ಎರಡು ಪಾದಗಳೂ ಮೇಣದ ಹಾಗೆ ಬಿಳಿಚಿಕೊಂಡಿದ್ದವು. ಬಲಪಾದ ಹೆಚ್ಚು. ನಮ್ಮವ್ವನಿಗೆ ಕೈಕಾಲಿನ ಯಾವ ತೊಂದರೆಗೂ ಒಂದೇ ಔಷಧಿ, ಹರಳೆಣ್ಣೆ ತಿಕ್ಕಿ ಕೆಂಡದ ಶಾಖ ಕೊಡುವುದು. ಅವಳು ಕಟ್ಟಿಕೊಟ್ಟಿದ್ದ ಎಣ್ಣೆಯ ಸೀಸೆ ಟ್ರಂಕಿನಲ್ಲೇ ಇತ್ತು. ಗಸಗಸ ತಿಕ್ಕಿದೆ. ಕಬ್ಬಿಣದ ಒಲೆಯ ಪಕ್ಕ ಬಲಗಾಲು ಚಾಚಿ ಕೂತೆ. ಬಿಸಿ ತಾಕಲಿಲ್ಲ. ಇನ್ನೂ ಹತ್ತಿರ ಸರಿಸಿದೆ.

ಕಾಲು ಸುಡುತ್ತಿದೆ ಎಂದು ಗೊತ್ತಾದದ್ದು ವಾಸನೆಯಿಂದ.

ಶ್ರೀನಗರದ ಆಸ್ಪತ್ರೆಯ ಡಾಕ್ಟರು ಫ್ರಾಸ್ಟ್‌ಬೈಟ್, ಚಳಿಗೆ ಮಾಂಸ ಹೆಪ್ಪುಗಟ್ಟಿದೆ ಎಂದರು. ಜೋಮು ಹಿಡಿದ ಕಾಲನ್ನು ತಿಕ್ಕಬಾರದು, ಬೆಂಕಿಗಂತೂ ಹಿಡಿಯಲೇಬಾರದು, ಉಗುರುಬೆಚ್ಚಗಿನ ನೀರಲ್ಲಿ ಇಡಬೇಕಿತ್ತು ಎಂದರು. ಇಷ್ಟು ಸಣ್ಣ ವಿಷಯ. ಬೆರಳುಗಳು ಕಪ್ಪಾದವು, ಕಪ್ಪು ಪಾದಕ್ಕೆ ಏರಿತು. ಗ್ಯಾಂಗ್ರೀನ್. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಆಪರೇಷನ್ ಆಗಿ ಎಚ್ಚರವಾದಾಗ ಬಲ ಹೆಬ್ಬೆರಳು ತುರಿಸುತ್ತಿತ್ತು. ವಾರ್ಡಿನವನನ್ನು ಕರೆದು ಸ್ವಲ್ಪ ಕೆರೆಯಪ್ಪಾ ಎಂದು ಕೇಳಿಕೊಂಡೆ. ಅವನು ನನ್ನ ಮುಖ ನೋಡಿದ. ಕಂಬಳಿ ಆ ಜಾಗದಲ್ಲಿ ಚಪ್ಪಟೆಯಾಗಿತ್ತು.

ಬಿಡುಗಡೆಯಾಗುವ ಮುಂಚೆ ಡಾಕ್ಟರು ಎಡಪಾದವನ್ನು ಒತ್ತಿ ನೋಡಿ, ಇದಕ್ಕೂ ಪೆಟ್ಟಾಗಿದೆ, ಇನ್ನೊಂದು ಸಲ ಹೀಗೆ ಚಳಿ ಹಿಡಿದರೆ ಇದೂ ಉಳಿಯುವುದಿಲ್ಲ ಎಂದು ಎಚ್ಚರಿಸಿದರು. ಅದೇ ದಿನ ಕ್ಯಾಪ್ಟನ್ ಸಾಹೇಬರು ನೋಡಲು ಬಂದರು. ಯುದ್ಧದಲ್ಲಿ ಕಾಲು ಕಳೆದುಕೊಂಡ ಯೂರೋಪಿನ ಸೈನಿಕರು ಒಂದೇ ಸ್ಕೀ ಕಟ್ಟಿಕೊಂಡು, ಊರುಗೋಲುಗಳ ತುದಿಗೆ ಪುಟ್ಟ ಹಲಗೆ ಬಿಗಿದುಕೊಂಡು ಬೆಟ್ಟ ಇಳಿಯುವುದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಮುಂದಿನ ಚಳಿಗಾಲದಲ್ಲಿ ಬಂದು ಹಿಮದ ಮೇಲೆ ಓಡಾಡಿ ತೋರಿಸಿದರೆ ನಿನ್ನ ಕೆಲಸ ನಿನಗೇ ಎಂದರು. ಇಬ್ಬರೂ ಒಳ್ಳೆಯವರೇ. ಒಬ್ಬರು ಬರಬೇಡ ಎಂದರು, ಇನ್ನೊಬ್ಬರು ಬಾ ಎಂದರು. ನನ್ನ ಕಿವಿಗೆ ಎರಡನೆಯದೇ ಬಿತ್ತು.

ಮೈಸೂರು ಸ್ಟೇಷನ್ನಿನಿಂದ ಜಟಕಾದಲ್ಲಿ ಮನೆಗೆ ಬಂದೆ. ಹೆಂಡತಿ ಗೌರಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವ್ವ ಆರತಿ ತಟ್ಟೆ ಹಿಡಿದು ಹೊಸಲ ಹತ್ತಿರ ಬಂದಳು. ಹೊಸಲು ದಾಟುವಾಗ ಬಲಗಾಲು ಮುಂದಿಡಬೇಕೆಂಬುದು ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಚಿಕ್ಕಂದಿನಲ್ಲಿ ಎಡಗಾಲಿಟ್ಟರೆ ಹಿಂದಕ್ಕೆ ಕಳಿಸಿ ಮತ್ತೆ ದಾಟಿಸುತ್ತಿದ್ದಳು. ಆವತ್ತೂ ಬಾಯಿಗೆ ಬಂದದ್ದು ಅದೇ.

"ಬಲಗಾಲಿಟ್ಟು ಬಾ ಮಗ."

ತಟ್ಟೆಯ ಕೆಂಪು ನೀರು ತುಳುಕಿ ಅವಳ ಸೀರೆಯ ಮೇಲೆ ಚೆಲ್ಲಿತು. ಕೊನೆಗೆ ಜಟಕಾದವನೂ ಪಕ್ಕದ ಅಂಗಡಿಯವನೂ ಸೇರಿ ನನ್ನನ್ನು ಮೂಟೆಯ ಹಾಗೆ ಎತ್ತಿ ಹೊಸಲು ದಾಟಿಸಿದರು. ಅಂದಿನಿಂದ ನಾನು ಹಿತ್ತಲ ಬಾಗಿಲಲ್ಲೇ ಓಡಾಡಿದೆ. ಅವ್ವ ಬೇಡ ಎನ್ನಲಿಲ್ಲ. ಅದು ನನ್ನನ್ನು ಆಪರೇಷನ್ನಿನ ಕತ್ತಿಗಿಂತ ಹೆಚ್ಚಾಗಿ ನೋಯಿಸಿತು.

ದಿನಾ ಬೆಳಗ್ಗೆ ಗೌರಿ ಮೊಂಡುಗಾಲಿಗೆ ಡ್ರೆಸಿಂಗ್ ಮಾಡುತ್ತಿದ್ದಳು. ಮೊದಮೊದಲು ಮುಖ ತಿರುಗಿಸಿ ಕಟ್ಟುತ್ತಿದ್ದವಳು ಆಮೇಲೆ ಸೊಪ್ಪು ಸೋಸುವಷ್ಟು ಸಲೀಸಾಗಿ ಕಟ್ಟತೊಡಗಿದಳು. ನೋಡಲು ಬರುವವರಿಗೆ ಕೊನೆಯಿರಲಿಲ್ಲ. ಕಾಲು ಹೋದವನಿಗೆ ಬುದ್ಧಿ ಹೇಳಲು ಎಲ್ಲರಿಗೂ ಪುರುಸೊತ್ತು. ಹೋದ ಜನ್ಮದ ಕರ್ಮ ಎಂದು ಒಬ್ಬರು, ಅಷ್ಟು ದೂರ ಯಾಕೆ ಹೋಗಬೇಕಿತ್ತು ಎಂದು ಒಬ್ಬರು. ಇಲ್ಲದ ಬೆರಳುಗಳು ಉರಿಯುತ್ತಿದ್ದಾಗ ನಾನು ಅವರಿಗೆಲ್ಲ ಕಾಫಿ ಕೊಡಿಸಿ ಹೌದು ಹೌದು ಎನ್ನುತ್ತಿದ್ದೆ.

ಮಾವ ತಮ್ಮ ಮರಗೆಲಸದ ಕಾರ್ಖಾನೆಯಲ್ಲಿ ಕೂತು ಉಜ್ಜುವ ಕೆಲಸ ಕೊಟ್ಟರು. ಪೆಟ್ಟಿಗೆಗೆ ಪಾಲಿಶ್ ಹಾಕುತ್ತಾ ಕೂತವನಿಗೆ ಒಂದು ದಿನ ಮೂಲೆಯಲ್ಲಿ ತಡಸಲು ಮರದ ಹಲಗೆಗಳು ಕಂಡವು. ಗಾಡಿಯ ಮೂಕಿಗೆ ಬಳಸುವ ಮರ, ಬಾಗುತ್ತದೆ, ಮುರಿಯುವುದಿಲ್ಲ. ಕೇಳಿ ಮನೆಗೆ ತಂದೆ. ಬಚ್ಚಲ ಹಂಡೆಯ ಕುದಿನೀರಿನಲ್ಲಿ ತುದಿಗಳನ್ನು ಬೇಯಿಸಿ ಬಗ್ಗಿಸಿದೆ. ಜನ ಹಂಡೆಯಲ್ಲಿ ನೀರು ಕಾಯಿಸಿದರೆ ಇವನು ಹಲಗೆ ಬೇಯಿಸುತ್ತಾನೆ ಎಂದು ಅವ್ವ ಗೊಣಗಿದಳು. ಗೌರಿ ಗೊಣಗಲಿಲ್ಲ. ಅವಳಿಗೆ ಅರ್ಥವಾಗಿತ್ತು.

"ಇರೋ ಕಾಲ್ನೂ ಕಳ್ಕೊಂಡು ಬಂದ್ರೆ ನಾನು ನಿಮ್ಮನ್ನ ಎತ್ಕೊಂಡು ತಿರುಗ್ಲಾ?" ಎಂದು ಕೇಳಿದಳು.

ಅವಳ ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಕೋಪ ಬಂತು. ಕೆಲಸ ಉಳಿಯುತ್ತದೆ ಎಂದೆ. ಅದು ಅರ್ಧ ನಿಜ. ಒಂದು ಸಲವಾದರೂ ಯಾರೂ ಎತ್ತಿ ದಾಟಿಸದೆ ನಾನೇ ಚಲಿಸಬೇಕು ಎಂಬ ಆಸೆ ಉಳಿದರ್ಧ. ಅದನ್ನು ಹೇಳಲು ನಾಚಿಕೆಯಾಯಿತು.

ಚಳಿಗಾಲ ಬರುತ್ತಲೇ ಹೊರಟು, ರೈಲು ಬದಲಿಸಿ, ಬಸ್ಸು ಹಿಡಿದು, ಕೊನೆಗೆ ಕುದುರೆಯ ಮೇಲೆ ಕೂತು ಕ್ಯಾಂಪು ಸೇರಿದೆ. ಮೊದಲ ದಿನಗಳಲ್ಲಿ ಹಿಮ ಗಟ್ಟಿಯಾಗಿತ್ತು. ನಿಂತರೆ ಬಿದ್ದೆ, ಎದ್ದರೆ ಬಿದ್ದೆ. ಮೊಂಡುಗಾಲಿನ ಹೊಲಿಗೆಯ ಗುರುತು ಊದಿಕೊಂಡಿತು. ವಾಪಸು ಹೋಗೋಣ ಎನ್ನುವಷ್ಟರಲ್ಲಿ ಹೊಸ ಹಿಮ ಬಿತ್ತು. ಬೆಳಗ್ಗೆ ನೋಡಿದರೆ ಇಳಿಜಾರಿನ ತುಂಬ ಆಗತಾನೆ ಬೀಸಿದ ಅಕ್ಕಿಹಿಟ್ಟಿನಂಥ ಹಿಮ. ಆಳುಗಳು ನನ್ನನ್ನು ಜಾರುಬಂಡಿಯಲ್ಲಿ ಮೇಲಕ್ಕೆ ಎಳೆದರು.

ಎಡಗಾಲಿಗೆ ಒಂದು ಸ್ಕೀ. ಎರಡು ಕೈಯಲ್ಲಿ ಎರಡು ಊರುಗೋಲು, ತುದಿಯಲ್ಲಿ ಹಂಡೆಯಲ್ಲಿ ಬೆಂದ ತಡಸಲು. ಕೈ ಬಿಟ್ಟರು. ಜಾರಿದೆ.

ಸದ್ದೇ ಇರಲಿಲ್ಲ. ಹಿಮದ ಪುಡಿ ಎದೆಯವರೆಗೆ ಹಾರುತ್ತಿತ್ತು. ನಾನು ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ ಹೋಗುತ್ತಿದ್ದೆ. ಕಾಲು ಹೋದಮೇಲೆ ಮೊದಲ ಸಲ ನಾನು ಪೂರ್ತಿ ಇದ್ದೇನೆ ಅನ್ನಿಸಿತು. ಆ ಸುಖವನ್ನು ನಾನು ಈಗಲೂ ಸುಳ್ಳೆನ್ನಲಾರೆ.

ಕೆಳಗಿನ ತಿರುವಿನಲ್ಲಿ ಊರುಗೋಲು ಹೂತಿತು. ಮಕಾಡೆ ಬಿದ್ದೆ. ಮೆತ್ತಗಿನ ಹಿಮದಲ್ಲಿ ಊರಿಕೊಂಡು ಏಳಲು ನೆಲವೇ ಸಿಗುವುದಿಲ್ಲ. ತಳ್ಳಿದಷ್ಟೂ ಕೈ ಒಳಗೆ ಹೋಗುತ್ತಿತ್ತು. ಬೂಟಿನ ಬಾಯಿಂದ ಹಿಮ ಇಳಿಯಿತು. ಕೂಗಿದೆ, ಆಳುಗಳು ಮೇಲೆ ಬಹಳ ದೂರದಲ್ಲಿದ್ದರು. ಎಡ ಬೆರಳುಗಳು ಚುರುಗುಟ್ಟಿದವು. ಉರಿದವು.

ಸುಮ್ಮನಾದವು.

ಈ ಸಲ ನನಗೆ ಸಂತೋಷವಾಗಲಿಲ್ಲ. ದೇವರೇ, ಉರಿ ಕೊಡು, ಉರಿ ಕೊಡು ಎಂದು ಬೇಡಿಕೊಂಡೆ. ಗೌರಿ ನೆನಪಾದಳು, ಅವಳ ತೋಳುಗಳು ಎಷ್ಟು ಸಣ್ಣ ಎಂಬುದು ನೆನಪಾಯಿತು. ಆಳುಗಳು ಹೊತ್ತು ತಂದು ಒಲೆಯ ಮುಂದೆ ಕೂರಿಸಹೋದಾಗ ಕಿರುಚಿಕೊಂಡೆ. ಬಕೆಟ್ಟಿನಲ್ಲಿ ನೀರು ತರಿಸಿದೆ. ಎಳೆಕೂಸಿಗೆ ಎರೆಯುವ ಮುಂಚೆ ಅವ್ವ ಮೊಣಕೈ ಅದ್ದಿ ನೋಡುತ್ತಿದ್ದಳಲ್ಲ, ಹಾಗೇ ನೋಡಿ, ತಣ್ಣೀರು ಬೆರೆಸಿ ಪಾದ ಇಳಿಬಿಟ್ಟೆ. ಏನೂ ಗೊತ್ತಾಗಲಿಲ್ಲ. ನೀರು ಬದಲಿಸಿದರು. ಏನೂ ಇಲ್ಲ. ಮತ್ತೆ ಬದಲಿಸಿದರು.

ಆಮೇಲೆ ಬಂತು. ಮೂಳೆಯೊಳಗೆ ಉಳಿ ಹೊಡೆದ ಹಾಗೆ ಬಂತು. ಹಲ್ಲು ಕಚ್ಚಿಕೊಂಡು, ನೋಯ್ತಿದೆ ಸರ್, ನೋಯ್ತಿದೆ ಎಂದು ಒಂದೇ ಸಮ ಹೇಳಿದೆನಂತೆ. ಕ್ಯಾಪ್ಟನ್ ಸಾಹೇಬರಿಗೆ ಕನ್ನಡ ಬರದು. ಆದರೂ ಬಕೆಟ್ಟಿನ ಪಕ್ಕ ಕೂತು ನನ್ನ ಭುಜ ಹಿಡಿದುಕೊಂಡರು.

ಕಿರುಬೆರಳೂ ಅದರ ಪಕ್ಕದ ಬೆರಳ ತುದಿಯೂ ಹೋದವು. ಪಾದ ಉಳಿಯಿತು. ಕೆಲಸದ ಮಾತನ್ನು ಸಾಹೇಬರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಲಗೆ ಬಿಗಿದ ಊರುಗೋಲುಗಳನ್ನು ಅಲ್ಲೇ ಶೆಡ್ಡಿನ ಗೋಡೆಗೆ ಒರಗಿಸಿ, ಮಾಮೂಲಿ ಊರುಗೋಲು ಹಿಡಿದು ಬಂದೆ.

ಈಗ ಮನೆಗೆ ಬಂದು ಒಂದು ತಿಂಗಳಾಗಿರಬಹುದು. ಕೂತು ಪಾಲಿಶ್ ಹಾಕುತ್ತೇನೆ. ಬೆಳಗಿನ ಚಳಿಗೆ ಎಡಪಾದ ಚುರುಗುಟ್ಟುತ್ತದೆ. ಚುರುಗುಟ್ಟಲಿ ಎಂದು ಸುಮ್ಮನಿರುತ್ತೇನೆ. ನಾಳೆ ಹೇಗೋ ಗೊತ್ತಿಲ್ಲ, ಇವತ್ತಿಗೆ ಅದು ಜೀವಂತವಾಗಿದೆ.

ಬಂದ ದಿನ ಜಟಕಾ ಇಳಿದವನೇ ಹಿತ್ತಲ ಓಣಿಗೆ ತಿರುಗಿದೆ. ಗೌರಿ ನನ್ನ ಎಡಪಾದದ ಬ್ಯಾಂಡೇಜು ನೋಡಿ, ಪಾದ ಇರುವುದನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವ್ವ ಮುಂಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಆರತಿ ತಟ್ಟೆಯಿರಲಿಲ್ಲ. ಜಟಕಾದವನು ಎತ್ತಲು ಬಂದರೆ ಅವನನ್ನು ತಡೆದಳು.

"ಅತ್ಲಾಗೆ ಯಾಕೋ ಹೋಗ್ತೀಯಾ?" ಎಂದಳು. "ಇರೋ ಕಾಲಿಟ್ಟು ಬಾ ಮಗ."

ಹೊಸಲ ಮೇಲೆ ಅವಳು ಕೈ ಚಾಚಿದಳು. ಹಿಡಿದುಕೊಂಡು ಎಡಗಾಲಿಟ್ಟೆ. ನೋಯಿತು.