ಸತುವನ್ನು ಮೆದುಳೆಂದು ತೋರಿಸಿದವರು

ಕೂದಲಿಗೆ ಹಚ್ಚಿದ ಬಣ್ಣ ಚರ್ಮಕ್ಕೂ ಹತ್ತಿ ಅವರ ಹಣೆಯ ಅಂಚಿನಲ್ಲಿ ಸದಾ ಒಂದು ಕಪ್ಪು ಗಡಿ ಇರುತ್ತಿತ್ತು. ವಿಶಾಖಪಟ್ಟಣದ ಸೆಕೆಗೆ ಬೆವರಿದಾಗ ಅದು ಕಿವಿಯ ಕಡೆಗೆ ಇಳಿಯುತ್ತಿತ್ತು. ಕರ್ಚೀಫಿನಿಂದ ಒತ್ತಿಕೊಳ್ಳುತ್ತಲೇ ಮಾತಾಡುತ್ತಿದ್ದರು. ಮಾತು ನಿಲ್ಲಿಸಿದ್ದನ್ನು ನಾನು ನೋಡಿದ್ದು ಕಡಿಮೆ. ಅವರು ನನ್ನ ಪಿಎಚ್‌.ಡಿ. ಗೈಡ್. ಬಳ್ಳಾರಿ ಕಡೆಯವರು. ಕನ್ನಡ ಉಳಿದಿತ್ತು, ಅದರ ತುಂಬ ತೆಲುಗು ಸೇರಿಕೊಂಡಿತ್ತು.

ನನ್ನ ಕೆಲಸ ಸತುವಿನ ಬ್ಯಾಟರಿಯ ಮೇಲೆ. ಚಾರ್ಜ್ ಮಾಡುವಾಗ ಒಳಗಿನ ತಗಡಿನ ಮೇಲೆ ಸತು ಗಿಡದಂತೆ ಕವಲೊಡೆದು ಬೆಳೆಯುತ್ತದೆ. ಎದುರಿನ ತಗಡನ್ನು ಮುಟ್ಟಿತೆಂದರೆ ಬ್ಯಾಟರಿ ಸತ್ತಂತೆ. ಆ ಕವಲಿಗೆ ಡೆಂಡ್ರೈಟ್ ಎನ್ನುತ್ತಾರೆ. ಮೆದುಳಿನ ನರಕೋಶಗಳು ಒಂದರ ಸುದ್ದಿ ಇನ್ನೊಂದು ಪಡೆಯುವ ಕವಲಿಗೂ ಅದೇ ಹೆಸರು. ಹೆಸರು ಒಂದೇ, ನೋಟವೂ ಹೆಚ್ಚುಕಡಿಮೆ ಒಂದೇ. ಇಷ್ಟನ್ನೇ ಬಂಡವಾಳ ಮಾಡಿಕೊಂಡು ನನ್ನ ಗೈಡ್ ಊರೂರಲ್ಲಿ ಭಾಷಣ ಮಾಡುತ್ತಿದ್ದರು.

“ಪ್ರಕೃತಿದು ಒಂದೇ ಕೈಬರಹ ಅಮ್ಮಾ,” ಎನ್ನುತ್ತಿದ್ದರು.

“ಅದನ್ನ ತೋರಿಸೋ ಪ್ರಯೋಗ ಯಾವುದು ಸರ್?” ಎಂದರೆ ನಗು. “ನಿಂದು ಬರೀ ಲೆಕ್ಕದ ಬುದ್ಧಿ.”

ಲ್ಯಾಬಿನ ಸೂಕ್ಷ್ಮದರ್ಶಕಕ್ಕೆ ಅವರು ಕಣ್ಣಿಟ್ಟಿದ್ದು ಪತ್ರಿಕೆಯವರು ಫೋಟೋ ತೆಗೆಯಲು ಬಂದಾಗ ಮಾತ್ರ. ಅವತ್ತು ಅದರ ದೀಪವನ್ನೂ ಹಚ್ಚಿರಲಿಲ್ಲ.

ಒಮ್ಮೆ ವಿಜಯವಾಡದ ಗವರ್ನರ್‌ಪೇಟೆಯ ಹೋಟೆಲೊಂದರಲ್ಲಿ ವೈದ್ಯರ ಸಭೆಯಿತ್ತು. ನನ್ನನ್ನೂ ಕರೆದೊಯ್ದಿದ್ದರು, ಲ್ಯಾಪ್‌ಟಾಪ್ ಹೊರಲು. ಪರದೆಯ ಮೇಲೆ ಒಂದು ಚಿತ್ರ ತೋರಿಸಿ, “ಇಲಿಯ ಮೆದುಳಿನ ನರಕೋಶ. ನೆನಪು ಹುಟ್ಟುವ ಜಾಗ,” ಎಂದರು. ಅದು ನನ್ನ ಸತು. ಕೆಳಗೆ ಗಾತ್ರ ತಿಳಿಸುತ್ತಿದ್ದ ಅಳತೆಯ ಗೆರೆಯನ್ನು ಕತ್ತರಿಸಿ ತೆಗೆದಿದ್ದರು. ಎಡಗಡೆ ಮುರಿದಿದ್ದ ಕೊಂಬೆ ಮಾತ್ರ ಹಾಗೇ ಇತ್ತು.

ಮುಂದಿನ ಸಾಲಿನಲ್ಲಿದ್ದ ವೈದ್ಯರೊಬ್ಬರು ಕೇಳಿದರು: “ಆ ಮುರಿದ ಕೊಂಬೆ ರೋಗದ ಲಕ್ಷಣವಾ ಸಾರ್?”

“ಕರೆಕ್ಟ್ ಅಂಡಿ! ಮರೆವಿನ ಕಾಯಿಲೆ ಶುರುವಾಗೋದೇ ಹೀಗೆ.”

ಸುತ್ತ ಕೂತವರು ಬರೆದುಕೊಳ್ಳತೊಡಗಿದರು. ಅವರ ರೋಗಿಗಳು ನೆನಪಾಗಿ ನಾನು ಎದ್ದು ನಿಂತೆ. ನನ್ನ ಪದವಿ ನಿಂತಿದ್ದು ಗೈಡ್ ಹಾಕಬೇಕಿದ್ದ ಒಂದು ಸಹಿಯ ಮೇಲೆ.

“ಸರ್, ಅದು ನರಕೋಶ ಅಲ್ಲ, ಸತು. ನಾನೇ ಬೆಳೆಸಿದ್ದು. ಆ ಕೊಂಬೆ ಮುರಿದಿದ್ದು ನನ್ನ ಚಿಮಟ ತಾಗಿ.”

ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎರಡೂ ಕೈ ಚಾಚಿ, “ನೋಡಿದಿರಾ! ನಿಮ್ಮಂಥ ತಜ್ಞರಿಗೇ ವ್ಯತ್ಯಾಸ ಗೊತ್ತಾಗಲಿಲ್ಲ. ನನ್ನ ವಾದ ಇದೇ ಅಲ್ಲವಾ?” ಎಂದರು. ಜೋರು ಚಪ್ಪಾಳೆ. ಮರೆವಿನ ಕಾಯಿಲೆಯನ್ನು ಬರೆದುಕೊಂಡವರೂ ತಟ್ಟಿದರು. ಯಾರ ಮೇಲೆ ಹೆಚ್ಚು ಹೇಸಿಗೆಯಾಯಿತೋ ಇವತ್ತಿಗೂ ಹೇಳಲಾರೆ.

ವಾಪಸಾಗುವಾಗ ರೈಲಿನಲ್ಲಿ ಮೊಸರನ್ನದ ಡಬ್ಬಿ ಬಿಚ್ಚುತ್ತ, ಬಹಳ ಮೆತ್ತಗೆ ಹೇಳಿದರು: “ನಾಳೆಯಿಂದ ಲ್ಯಾಬಿಗೆ ಬರಬೇಡಮ್ಮಾ.” ಆಮೇಲೆ ಉಪ್ಪಿನಕಾಯಿ ಬೇಕೇ ಎಂದು ಕೇಳಿದರು.

ಬೇರೊಬ್ಬ ಅಧ್ಯಾಪಕಿಯ ಕೈಕೆಳಗೆ ಮೊದಲಿನಿಂದ ಶುರುಮಾಡಿ ಪದವಿ ಮುಗಿಸಿದೆ. ಈಗ ಅಚ್ಯುತಾಪುರದ ಕಾರ್ಖಾನೆಯೊಂದರಲ್ಲಿ ಬ್ಯಾಟರಿ ಪರೀಕ್ಷೆ ಮಾಡುತ್ತೇನೆ. ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ದಾರ್ಶನಿಕ, ಋಷಿ ಎಂದೆಲ್ಲ ಪತ್ರಿಕೆಗಳು ಬರೆದವು. ನಾನು ಸಂತಾಪ ಸಭೆಗೆ ಹೋಗಲಿಲ್ಲ.

ಆದರೆ ಒಂದು ಮಾತು ಮುಚ್ಚಿಡಲಾರೆ. ಹಾವೇರಿಯಿಂದ ಬಂದಿದ್ದ ನನ್ನ ಸಾಧಾರಣ ಅಂಕಪಟ್ಟಿ ನೋಡಿ ಬೇರೆ ಅಧ್ಯಾಪಕರೆಲ್ಲ ಬಾಗಿಲಲ್ಲೇ ಸಾಗಹಾಕಿದ್ದರು. ಇವರೊಬ್ಬರೇ ಕೂರಿಸಿ ಕೇಳಿದ್ದು: “ದಿನವಿಡೀ ಒಂದೇ ಕಡೆ ನೋಡ್ತಾ ಕೂರೋಕಾಗುತ್ತಾ ಅಮ್ಮಾ?”

“ಆಗ್ತದ್ರಿ ಸರ್.”

“ಸರೇ, ಬಾ ಹಾಗಾದ್ರೆ.”

ನನ್ನ ಇಂದಿನ ಅನ್ನ ಆ ಮಾತಿನಿಂದ ಬಂದದ್ದು. ಆ ಋಣ ಇಲ್ಲದಿದ್ದರೆ ಅವರನ್ನು ಎಂದೋ ಮರೆತು ನೆಮ್ಮದಿಯಾಗಿರುತ್ತಿದ್ದೆ. ಪುಣ್ಯಾತ್ಮ ಅದಕ್ಕೂ ಅವಕಾಶ ಕೊಡಲಿಲ್ಲ.