ಶೀನಪ್ಪಣ್ಣನ ಒಳ್ಳೆಯ ಮಾತು

ವಾಮದಪದವಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಶೀನಪ್ಪಣ್ಣನ ಹೋಟೆಲು. ಅದಕ್ಕೆ ಹೆಸರಿರಲಿಲ್ಲ, ಬೋರ್ಡಿರಲಿಲ್ಲ, ಅಲ್ಲಿಯ ಚಾ ಕೂಡ ಹೇಳಿಕೊಳ್ಳುವಂಥದ್ದಲ್ಲ. ಆದರೂ ಬಂಟ್ವಾಳದಿಂದ, ಬೆಳ್ತಂಗಡಿಯಿಂದ ದೊಡ್ಡ ದೊಡ್ಡ ಮನುಷ್ಯರು ಕೊಡೆ ಹಿಡಿದುಕೊಂಡು ಬಂದು ಆ ಚಾ ಕುಡಿಯುತ್ತಿದ್ದರು. ನಮ್ಮ ಕಡೆ ಒಂದು ಸಂಬಂಧ ಕುದುರುವ ಮೊದಲು ಹೆಣ್ಣಿನ ಕಡೆಯವರು ಹುಡುಗನ ಊರಿಗೆ ಹೋಗಿ, ತಾವು ಯಾರೆಂದು ಹೇಳದೆ, ಹೋಟೆಲಿನಲ್ಲಿ ಕೂತು ನಾಲ್ಕು ಮಾತು ಕೇಳಿಕೊಂಡು ಬರುವ ಕ್ರಮ ಉಂಟು. ಕೇಳುವವನು ತಾನು ಅಡಿಕೆ ವ್ಯಾಪಾರಕ್ಕೆ ಬಂದವನು ಎನ್ನುತ್ತಾನೆ. ಹೇಳುವವನು ಅದನ್ನು ನಂಬಿದ ಹಾಗೆ ಮಾಡುತ್ತಾನೆ.

ಶೀನಪ್ಪಣ್ಣ ತನ್ನ ಆಯುಷ್ಯದಲ್ಲಿ ಹೀಗೆ ಕೇಳಿ ಬಂದವರ ಹತ್ತಿರ ಒಬ್ಬ ಹುಡುಗನ ಬಗ್ಗೆಯೂ ಕೆಟ್ಟ ಮಾತು ಆಡಿದವನಲ್ಲ. ಸುಳ್ಳು ಹೇಳುತ್ತಿದ್ದ ಎಂದರೆ ಅನ್ಯಾಯವಾದೀತು. ಮಾತನ್ನು ಸ್ವಲ್ಪ ಒರೆಸಿ ಇಡುತ್ತಿದ್ದ, ಅಷ್ಟೆ. ಮಧ್ಯಾಹ್ನದವರೆಗೆ ಮಲಗುವವನು ಅವನ ಬಾಯಲ್ಲಿ ಸಮಾಧಾನಿಯಾಗುತ್ತಿದ್ದ. ಕಂಡವರ ಮೇಲೆಲ್ಲ ಎಗರಿ ಬೀಳುವವನು ಒಳಗೊಂದು ಹೊರಗೊಂದು ಇಲ್ಲದ ಮನುಷ್ಯನಾಗುತ್ತಿದ್ದ. ಮದುವೆಗೆ ಕಲ್ಲು ಹಾಕುವವರು ಊರು ತುಂಬ ಇದ್ದಾರೆ, ಮಾಡಿಸುವವನೂ ಒಬ್ಬ ಇರಲಿ ಎನ್ನುವುದು ಅವನ ವಾದ. ಹೆಂಡತಿ ಪ್ರೇಮಾವತಿ ಮಾತ್ರ ಒಲೆಯ ಹತ್ತಿರ ನಿಂತು ಇದನ್ನೆಲ್ಲ ಕೇಳಿ, "ನಿಮ್ಮ ಬಗ್ಗೆ ನನ್ನ ಅಪ್ಪನಿಗೆ ಹೀಗೆ ಹೇಳಿದವರು ಯಾರು ಅಂತ ಒಮ್ಮೆ ಗೊತ್ತಾಗಬೇಕಿತ್ತು" ಎನ್ನುತ್ತಿದ್ದಳು.

ಹೋಟೆಲಿನ ಹಿಂದಿನ ಮನೆ ನೀಲಾವತಿಯಕ್ಕನದು. ಗಂಡ ಬೇಗ ತೀರಿಕೊಂಡಿದ್ದ, ಒಬ್ಬನೇ ಮಗ ಕಮಲಾಕ್ಷ. ಶೀನಪ್ಪಣ್ಣನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಹುಡುಗ ಅರ್ಧ ಆ ಮನೆಯಲ್ಲಿ, ಅರ್ಧ ಈ ಹೋಟೆಲಿನ ಬೆಂಚಿನ ಮೇಲೆ ಬೆಳೆದ. ಮೂಡುಬಿದಿರೆಯಲ್ಲಿ ಹೈಸ್ಕೂಲು ಮುಗಿಸಿದ, ಎಂಜಿನಿಯರಿಂಗ್ ಓದಿದ. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಅಮೆರಿಕದ ಒಂದು ಯೂನಿವರ್ಸಿಟಿ ಅವನಿಗೆ ಕಂಪ್ಯೂಟರ್ ವಿಷಯದಲ್ಲಿ ಮಾಸ್ಟರ್ಸ್ ಓದಲಿಕ್ಕೆ ಸೀಟು ಕೊಟ್ಟಿತು, ವಿದ್ಯಾರ್ಥಿವೇತನ ಸಮೇತ. ಕಂಪ್ಯೂಟರ್ ಎಂಬ ಶಬ್ದ ವಾಮದಪದವಿಗೆ ಕಾಲಿಟ್ಟದ್ದು ಅದೇ ಮೊದಲು.

"ಕೋಣೆಯಷ್ಟು ದೊಡ್ಡ ಯಂತ್ರ ಶೀನಪ್ಪಣ್ಣ" ಎಂದು ಕಮಲಾಕ್ಷ ವಿವರಿಸಿದ. "ನಾವು ತಿಂಗಳುಗಟ್ಟಲೆ ಮಾಡುವ ಲೆಕ್ಕ ಅದು ಒಂದು ಗಳಿಗೆಯಲ್ಲಿ ಮಾಡ್ತದೆ. ಆದರೆ ಅದಕ್ಕೆ ಗೊತ್ತಿರುವುದು ಎರಡೇ, ಹೌದು ಮತ್ತು ಇಲ್ಲ."

"ನಡುವಿನದ್ದು?"

"ನಡುವಿನದ್ದು ಇಲ್ಲ."

"ಹಾಗಾದರೆ ಅದನ್ನು ಕಟ್ಟಿಕೊಂಡು ನಮ್ಮ ತಾಲೂಕಿನಲ್ಲಿ ಒಂದು ಮದುವೆ ಮಾಡಿಸ್ಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ" ಎಂದ ಶೀನಪ್ಪಣ್ಣ.

ನೀಲಾವತಿಯಕ್ಕನಿಗೆ ಯಂತ್ರದ ಸುದ್ದಿ ಬೇಕಾಗಿರಲಿಲ್ಲ. "ಹೋದವ ವಾಪಸು ಬರ್ತಾನಾ?" ಎಂದು ಅವಳು ದಿನಾ ಬಂದು ಕೇಳುತ್ತಿದ್ದಳು. "ಬಾರದೆ ಎಲ್ಲಿಗೆ ಹೋಗ್ತಾನೆ? ಎರಡು ವರ್ಷ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಯ್ತು" ಎಂದು ಅವನು ದಿನಾ ಹೇಳುತ್ತಿದ್ದ. ಹುಡುಗನಿಗೆ ಹೋಗುವ ಮೊದಲೇ ಒಂದು ಹೆಣ್ಣು ಗೊತ್ತಾದರೆ ಈ ಮಾತಿಗೆ ಸ್ವಲ್ಪ ಗಟ್ಟಿತನ ಬಂದೀತು ಎಂದೂ ಅವನಿಗೆ ಅನಿಸಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಬಿಳಿ ಮುಂಡು ಉಟ್ಟ, ಗುರುತಿಲ್ಲದ ಮನುಷ್ಯನೊಬ್ಬ ಬಂದು ಕೂತು ಗೋಳಿಬಜೆ ಕೇಳಿದ. ಅರ್ಧ ತಿಂದು, "ಇಲ್ಲಿ ಕಮಲಾಕ್ಷ ಅಂತ ಒಬ್ಬ ಹುಡುಗ ಇದ್ದಾನಂತಲ್ಲ, ಹೇಗೆ ಜನ?" ಎಂದ.

ಶೀನಪ್ಪಣ್ಣನ ಮುಖ ಅರಳಿತು. ಹೆಗಲ ಮೇಲಿನ ಬೈರಾಸು ಸರಿಮಾಡಿಕೊಂಡು ಎದುರಿಗೆ ಕೂತ. "ಬಂಗಾರದಂಥ ಹುಡುಗ."

"ಪಾರ್ಟಿ, ಸಂಘ ಅಂತ ಏನಾದರೂ ಉಂಟಾ?"

"ಭಜನಾ ಸಂಘ. ಅದೂ ತಾಳ ಹಾಕ್ಲಿಕ್ಕೆ."

"ಕೇಸು ಗೀಸು? ಜೈಲಿಗೆ ಹೋದದ್ದು?"

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಕಿವಿ ನೆಟ್ಟಗಾಗುತ್ತಿತ್ತು. ಶೀನಪ್ಪಣ್ಣ ಮಾತ್ರ, ಹೆಣ್ಣಿನ ಅಪ್ಪ ಎಂದರೆ ಹೀಗಿರಬೇಕು ಎಂದು ಮೆಚ್ಚಿಕೊಂಡು ತಟ್ಟೆಗೆ ಇನ್ನೊಂದಿಷ್ಟು ಗೋಳಿಬಜೆ ಹಾಕಿದ.

"ಅವ ಹೊರದೇಶಕ್ಕೆ ಹೋಗ್ತಾನಂತೆ, ಹೌದಾ?"

ಬಂತಲ್ಲ ಕುತ್ತು ಎಂದುಕೊಂಡ ಶೀನಪ್ಪಣ್ಣ. ಸಮುದ್ರ ದಾಟಿ ಹೋಗುವವನಿಗೆ ಯಾವ ಅಪ್ಪ ಹೆಣ್ಣು ಕೊಟ್ಟಾನು? ಮೊದಲು ಮದುವೆ ಗಟ್ಟಿಯಾಗಲಿ, ಹಡಗಿನ ಸುದ್ದಿ ಆಮೇಲೆ ನಿಧಾನವಾಗಿ ಹೇಳಿದರಾಯಿತು.

"ಎಲ್ಲಿಯ ಹೊರದೇಶ. ಯಾರೋ ಆಗದವರು ಎಬ್ಬಿಸಿದ ಸುದ್ದಿ ಅದು. ಅವನಿಗೆ ಕಾರ್ಕಳ ದಾಟಿದರೆ ತಲೆ ತಿರುಗ್ತದೆ. ಬೇಕಾದರೆ ನಾಸಿರ್ ಬ್ಯಾರಿಯವರನ್ನು ಕೇಳಿ."

ಎದುರಿನ ಜೀನಸು ಅಂಗಡಿಯ ಅಬ್ದುಲ್ ನಾಸಿರ್ ಶೀನಪ್ಪಣ್ಣನ ಹಳೆಯ ಸ್ನೇಹಿತ. ಕಣ್ಣಸನ್ನೆ ಕಂಡದ್ದೇ ತಡ, "ಆ ಹುಡುಗ ತಾಯಿಯ ಸೆರಗು ಬಿಟ್ಟು ಸಂತೆಗೂ ಹೋಗುವವನಲ್ಲ" ಎಂದು ಅಂಗಡಿಯಿಂದಲೇ ಕೂಗಿ ಹೇಳಿದರು. ಬೆಂಚಿನಲ್ಲಿ ಕೂತವರೂ ಒಬ್ಬೊಬ್ಬರಾಗಿ ಹೌದು ಹೌದು ಎಂದರು. ಊರಿಗೆ ಊರೇ ಒಂದು ವಿಷಯದಲ್ಲಿ ಒಗ್ಗಟ್ಟಾದದ್ದು ಆವತ್ತೇ ಇರಬೇಕು. ಬಂದವನು ತಲೆದೂಗಿ ಬಸ್ಸು ಹತ್ತಿದ.

"ಯಾವ ಊರಿನವರಂತೆ?" ಎಂದು ಪ್ರೇಮಾವತಿ ಕೇಳಿದಳು.

"ಅದನ್ನು ಕೇಳ್ಲಿಕ್ಕೆ ಮರೆತೆ" ಎಂದ ಶೀನಪ್ಪಣ್ಣ.

ಮಳೆಗಾಲ ಹಿಡಿಯಿತು. ಹೆಣ್ಣಿನ ಕಡೆಯವರೂ ಬರಲಿಲ್ಲ, ಪಾಸ್‌ಪೋರ್ಟೂ ಬರಲಿಲ್ಲ. ವಿಚಾರಿಸಲು ಠಾಣೆಗೆ ಹೋದ ಕಮಲಾಕ್ಷ ಮುಖ ಸಣ್ಣ ಮಾಡಿಕೊಂಡು ಬಂದು ಬೆಂಚಿನ ಮೇಲೆ ಕೂತ. ಪಾಸ್‌ಪೋರ್ಟ್ ವಿಚಾರಣೆಗೆಂದು ಹೆಡ್ ಕಾನ್‌ಸ್ಟೇಬಲ್ ಕೂಸಪ್ಪ ಮಫ್ತಿಯಲ್ಲಿ ಊರಿಗೆ ಬಂದು ಹೋಗಿದ್ದನಂತೆ. ಹುಡುಗನ ನಡತೆ ಉತ್ತಮ, ಆದರೆ ಹೊರದೇಶಕ್ಕೆ ಹೋಗುವ ಉದ್ದೇಶವೇ ಅವನಿಗಿಲ್ಲ ಎಂದು ಊರವರೆಲ್ಲ ಹೇಳುತ್ತಾರೆ. ಹಾಗಿದ್ದೂ ಪಾಸ್‌ಪೋರ್ಟ್ ಕೇಳಿರುವುದು ಸಂಶಯಾಸ್ಪದ ಎಂದು ಬರೆದುಕೊಂಡಿದ್ದನಂತೆ.

"ಆಗಸ್ಟ್ ಕೊನೆಗೆ ಅಲ್ಲಿ ಇರದಿದ್ದರೆ ಸೀಟು ಹೋಯ್ತು. ನನ್ನ ಮೇಲೆ ಇಷ್ಟು ಹಗೆ ಯಾರಿಗೆ ಶೀನಪ್ಪಣ್ಣ?"

ಶೀನಪ್ಪಣ್ಣ ಚಾದ ಪಾತ್ರೆಯೊಳಗೆ ಏನೋ ಬಿದ್ದ ಹಾಗೆ ಬಗ್ಗಿ ನೋಡತೊಡಗಿದ. ಕೊನೆಗೆ ಪ್ರೇಮಾವತಿಯೇ ಬಾಯಿಬಿಟ್ಟಳು. "ಹಗೆಯವರಲ್ಲ ಮಗ. ಇವರೇ."

ಹುಡುಗ ಬೈಯಲಿಲ್ಲ, ಎದ್ದು ಹೋದ. ಬೈದಿದ್ದರೆ ಚೆನ್ನಾಗಿತ್ತು. ಆ ದಿನ ಶೀನಪ್ಪಣ್ಣನಿಗೆ ಊಟ ಸೇರಲಿಲ್ಲ. ಮರುದಿನ ಒಗೆದ ಅಂಗಿ ಹಾಕಿ, ನೀಲಾವತಿಯಕ್ಕನನ್ನೂ ಕರೆದುಕೊಂಡು ಠಾಣೆಗೆ ಹೋದ.

ಕೂಸಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸಬ್ ಇನ್‌ಸ್ಪೆಕ್ಟರ್ ಕೇಳಿದರು. "ಆವತ್ತು ಹೋಗುವುದಿಲ್ಲ ಅಂದಿರಿ. ಇವತ್ತು ಹೋಗ್ತಾನೆ ಅಂತೀರಿ. ಸುಳ್ಳು ಯಾವುದು?"

"ಆವತ್ತಿನದ್ದು. ಇವರನ್ನು ಹೆಣ್ಣಿನ ಕಡೆಯವರು ಅಂತ ಗ್ರಹಿಸಿದೆ. ಹೆಣ್ಣಿನ ಕಡೆಯವರಿಗೆ ನಾನು ಹಾಗೆಯೇ ಹೇಳುವುದು."

ಮೂಲೆಯಲ್ಲಿ ಬರೆಯುತ್ತಿದ್ದ ಠಾಣೆಯ ರೈಟರ್ ತಲೆಯೆತ್ತಿದ. "ನನ್ನ ತಂಗಿಯನ್ನು ನಿಮ್ಮೂರಿಗೆ ಕೊಡುವಾಗ ನಮ್ಮ ಮಾವ ಬಂದು ಕೇಳಿದ್ದು ನಿಮ್ಮನ್ನೇ. ಹುಡುಗ ಕುಡಿಯುವುದಿಲ್ಲ ಅಂದಿದ್ದಿರಂತೆ."

"ಹಗಲು ಕುಡಿಯುವುದಿಲ್ಲ" ಎಂದ ಶೀನಪ್ಪಣ್ಣ, ತಗ್ಗಿದ ದನಿಯಲ್ಲಿ.

ಕೂಸಪ್ಪ ಗೋಡೆಯ ಕಡೆ ತಿರುಗಿ ನಗು ನುಂಗಿಕೊಂಡ. ಸಬ್ ಇನ್‌ಸ್ಪೆಕ್ಟರ್ ನಗಲಿಲ್ಲ. "ನಿಮ್ಮ ಒಳ್ಳೆಯ ಮಾತನ್ನು ನಾನು ಹೇಗೆ ನಂಬುವುದು? ಆ ಹುಡುಗನ ಬಗ್ಗೆ ಒಂದು ಕೆಟ್ಟ ಮಾತು ಹೇಳಿ, ನೋಡುವ."

ಶೀನಪ್ಪಣ್ಣನಿಗೆ ಬೆವರು ಬಂತು. ಇಂಥ ಕೆಲಸ ಮಾಡಿ ಅವನಿಗೆ ಗೊತ್ತಿರಲಿಲ್ಲ. "ತಾಳ ಹಾಕುವಾಗ ತಪ್ಪಿಸ್ತಾನೆ" ಎಂದು ಶುರು ಮಾಡಿದ. "ಸಿಟ್ಟು ಬಂದರೆ ಎರಡು ದಿನ ಮಾತು ಬಿಡ್ತಾನೆ. ಹಿಡಿದ ಹಟ ಬಿಡುವವನಲ್ಲ. ತಾಯಿ ಅತ್ತರೂ ಹೋಗ್ತಾನೆ."

"ವಾಪಸು ಬರ್ತಾನಾ?"

ಬರ್ತಾನೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ಈ ಮನುಷ್ಯ ಉಳಿದದ್ದನ್ನೂ ನಂಬಲಿಕ್ಕಿಲ್ಲ. ಹೇಳದಿದ್ದರೆ ಪಕ್ಕದಲ್ಲಿ ಸೆರಗು ಹೊದ್ದು ನಿಂತ ನೀಲಾವತಿಯಕ್ಕನ ಮುಖ ನೋಡುವುದು ಹೇಗೆ?

"ನನಗೆ ಗೊತ್ತಿಲ್ಲ ಸ್ವಾಮಿ" ಎಂದ. "ಅವ ಕಲಿಯುವ ಯಂತ್ರ ನಮ್ಮಲ್ಲಿ ಇಲ್ಲ. ಬಂದು ಏನು ಮಾಡುವುದು? ಬರ್ತಾನೆ ಅಂತ ಇವರಿಗೆ ದಿನಾ ಹೇಳ್ತಾ ಇದ್ದೆ. ನನಗೆ ಗೊತ್ತಿಲ್ಲ."

ಹೇಳಿ ಮುಗಿಸಿ ನೆಲ ನೋಡುತ್ತ ನಿಂತ. ನೀಲಾವತಿಯಕ್ಕ ಅಳಲಿಲ್ಲ.

"ನೀವು ಹೇಳಿದ್ದನ್ನು ನಾನು ಒಂದು ದಿನವೂ ನಂಬ್ಲಿಲ್ಲ ಶೀನಪ್ಪಣ್ಣ" ಎಂದಳು. "ಕೇಳ್ಲಿಕ್ಕೆ ಒಳ್ಳೆದಾಗ್ತಿತ್ತು, ಅದಕ್ಕೆ ದಿನಾ ಬಂದು ಕೇಳ್ತಿದ್ದೆ."

ಆಮೇಲೆ ರೈಟರನ ಕಡೆ ತಿರುಗಿದಳು. "ನೀವು ಬರೆದುಕೊಳ್ಳಿ. ಹುಡುಗ ಹೋಗ್ತಾನೆ."